ಪ್ರೆಸೆಂಟ್, ಆಬ್ಸೆಂಟ್, ಲೇಟೆಸ್ಟ್

ವಾಚನಾಲಯದ ಈ ಸಂಕಲನಕ್ಕೆ ಒಂದು ಲೇಖನ ಬೇಕೆಂದು ಕಾರ್ಯದರ್ಶಿ ಮಾಷ್ಟ್ರು ಕೇಳಿದಾಗ ಯಕ್ಷಗಾನದ ಬಗ್ಗೆಯೋ ನಾವು ಕಲಿತ ಶಾಲೆಯ ಬಗ್ಗೆಯೋ ಬರೆಯೋಣ ಅಂದುಕೊಂಡಿದ್ದೆ. "ಅದನ್ನು ಬರೆಯುವವರು ಬೇರೆ ಇದ್ದಾರೆ. ನೀನು ದಿನಾ ಎಂತ ಮಾಡ್ತೀ, ಅದನ್ನು ಬರಿ. ನಮಗೂ ಅರ್ಥ ಆಗುವ ಹಾಗೆ ಬರಿ" ಎಂದರು. ಎರಡನೆಯ ಮಾತು ಸ್ವಲ್ಪ ಕಷ್ಟದ್ದು. ಪ್ರಯತ್ನ ಮಾಡುತ್ತೇನೆ.

ನನ್ನ ಕೆಲಸ ಇಷ್ಟು: ಬೇರೆ ಬೇರೆ ಊರುಗಳಲ್ಲಿರುವ ಸುಮಾರು ನೂರಿಪ್ಪತ್ತು ಕಂಪ್ಯೂಟರುಗಳಲ್ಲಿ ಯಾವ ಸಾಫ್ಟ್‌ವೇರ್ ಇರಬೇಕು, ಯಾವುದು ಇರಬಾರದು, ಇರುವುದು ಎಷ್ಟು ಹೊಸದಾಗಿರಬೇಕು ಎಂದು ನೋಡಿಕೊಳ್ಳುವುದು. ಈ ಕಂಪ್ಯೂಟರುಗಳಿಗೆ ಸರ್ವರ್ ಎನ್ನುತ್ತಾರೆ. ರೇಷನ್ ಅಂಗಡಿಯಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿದವರಿಗೆ ಈ ಶಬ್ದ ಹೊಸದೇನೂ ಅಲ್ಲ. ನಾನಿರುವುದು ಮಂಗಳೂರಿನ ಒಂದು ಸಣ್ಣ ಕಂಪೆನಿಯಲ್ಲಿ. ಆಸ್ಪತ್ರೆಗಳ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಆದ ಮೇಲೆ ರಿಪೋರ್ಟ್ ತಯಾರಾಗುತ್ತದಲ್ಲ, ಆ ಸಾಫ್ಟ್‌ವೇರ್ ನಮ್ಮದು. ಒಂದೊಂದು ಆಸ್ಪತ್ರೆಯಲ್ಲಿ ಒಂದೋ ಎರಡೋ ಸರ್ವರ್. ನಡುರಾತ್ರಿ ಅದು ನಿಂತರೆ ಐಸಿಯು ಮುಂದೆ ಕೂತವರಿಗೆ ರಿಪೋರ್ಟ್ ಸಿಕ್ಕುವುದಿಲ್ಲ. ಅವರಲ್ಲಿ ನಮ್ಮೂರಿನವರೂ ಇರುತ್ತಾರೆ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು ಅಲ್ವಾ?

ಮೊದಲು ಪ್ಯಾಕೇಜ್ ಎಂದರೇನು ಅಂತ ಹೇಳಬೇಕು. ಮದುವೆಗೆ ಅಡುಗೆ ಭಟ್ರು ಸಾಮಾನಿನ ಪಟ್ಟಿ ಕೊಡುತ್ತಾರೆ. ಪಾಯಸ ಆಗಬೇಕಾದರೆ ಬೆಲ್ಲ, ಕಾಯಿ, ಏಲಕ್ಕಿ ಬೇಕು. ಪಾಯಸ ಒಂದನ್ನೇ ತಂದಿಡಲಿಕ್ಕೆ ಆಗುವುದಿಲ್ಲ. ಸಾಫ್ಟ್‌ವೇರಿನದ್ದೂ ಅದೇ ಕಥೆ. ಲಿನಕ್ಸ್‌ನಲ್ಲಿ ಒಂದೊಂದು ಸಾಫ್ಟ್‌ವೇರನ್ನು ಕಟ್ಟಿ ಒಂದು ಪೊಟ್ಟಣ ಮಾಡಿ, "ನಾನು ಬರಬೇಕಾದರೆ ಇಂಥಿಂಥವರು ಮೊದಲೇ ಮನೆಯಲ್ಲಿರಬೇಕು" ಎಂದು ಅದರ ಮೇಲೆ ಬರೆದಿಟ್ಟಿರುತ್ತಾರೆ. ಅದೇ ಪ್ಯಾಕೇಜ್. ಆ ಬರಹವನ್ನು ಓದಿ, ಬೇಕಾದ್ದನ್ನೆಲ್ಲ ಉಗ್ರಾಣದಿಂದ ತಂದು ಕ್ರಮವಾಗಿ ಜೋಡಿಸುವ ಸಾಧನವೂ ಲಿನಕ್ಸ್‌ನಲ್ಲೇ ಉಂಟು. ಡೆಬಿಯನ್ ಎಂಬ ಲಿನಕ್ಸ್ 1993ರಲ್ಲಿ ಶುರುವಾಯಿತು. ಅದರಿಂದ 2004ರಲ್ಲಿ ಉಬುಂಟು ಹುಟ್ಟಿತು. ಕೇರಳದ ಶಾಲೆಗಳ ಲ್ಯಾಬುಗಳಲ್ಲಿ ಮಕ್ಕಳು ಜಿಯೋಜಿಬ್ರಾ, ಜಿಂಪ್ ಕಲಿಯುವ ಕಂಪ್ಯೂಟರಿನಲ್ಲಿರುವುದು ಇದೇ ಉಬುಂಟುವನ್ನು ಆಧರಿಸಿ ಕೈಟ್ ಸಂಸ್ಥೆ ಹೊಂದಿಸಿಕೊಟ್ಟ ಲಿನಕ್ಸ್. ಹಾಗಾಗಿ ನನ್ನ ಸರ್ವರುಗಳೂ ನಿಮ್ಮ ಲ್ಯಾಬಿನ ಕಂಪ್ಯೂಟರುಗಳೂ ದಾಯಾದಿಗಳು.

ಲ್ಯಾಬಿನ ಹೊಣೆ ಹೊತ್ತ ಟೀಚರುಗಳಿಗೆ ಈ ಕಷ್ಟ ನಾನು ವಿವರಿಸಬೇಕಾಗಿಲ್ಲ. ಹೊಸ ಆವೃತ್ತಿ ಬಂತು ಎಂದರೆ ಪೆನ್‌ಡ್ರೈವ್ ಹಿಡಿದುಕೊಂಡು ಹದಿನೈದು ಕಂಪ್ಯೂಟರುಗಳ ಮುಂದೆ ಒಂದೊಂದಾಗಿ ಕೂತುಕೊಳ್ಳಬೇಕು. ಎರಡು ಶನಿವಾರ ಹೋಯಿತು. ಅಷ್ಟು ಮಾಡಿದರೂ ಕೊನೆಯ ಸಾಲಿನ ಒಂದರಲ್ಲಿ ಯಾವುದೋ ಒಂದು ಬಿಟ್ಟುಹೋಗಿರುತ್ತದೆ. ಮಕ್ಕಳಿಗೆ ಅದು ಯಾವುದೆಂದು ಗೊತ್ತು, ಅದರ ಹತ್ತಿರ ಯಾರೂ ಕೂರುವುದಿಲ್ಲ. ಐಟಿ ಪ್ರಾಯೋಗಿಕ ಪರೀಕ್ಷೆಯ ದಿನ ಒಬ್ಬ ಪಾಪದವನಿಗೆ ಅದೇ ಸಿಗುತ್ತದೆ.

ಹದಿನೈದು ಇರುವಲ್ಲಿ ಹೀಗಾದರೆ ನೂರಿಪ್ಪತ್ತರಲ್ಲಿ ಹೇಗೆ? ನಾನು ಕೆಲಸಕ್ಕೆ ಸೇರಿದ ಮರುವರ್ಷವೇ ಅದು ಕಣ್ಣಿಗೆ ಬಿತ್ತು. 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ದೋಷದ ಸುದ್ದಿ ಹೊರಬಿತ್ತು. ನಮಗೆ ಗೊತ್ತಾಗುವಾಗ ಮರುದಿನ ಬೆಳಗ್ಗೆ. ಗುಟ್ಟಿನ ಮಾತುಕತೆಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ಪ್ಯಾಕೇಜಿನಲ್ಲಿ ತೂತು ಇತ್ತು. ಹೊರಗಿನವನೊಬ್ಬ ಸರಿಯಾದ ಉಪಾಯದಿಂದ ಕೇಳಿದರೆ ಸರ್ವರ್ ತನ್ನ ನೆನಪಿನಿಂದ ಒಂದು ಸಲಕ್ಕೆ 64 ಕಿಲೋಬೈಟಿನಷ್ಟು ತೆಗೆದು ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ರೋಗಿಯ ಹೆಸರು ಇರಬಹುದು, ಸರ್ವರಿನ ಬೀಗದ ಕೈಯೇ ಇರಬಹುದು. ಕೊಟ್ಟದ್ದಕ್ಕೆ ಸಾಮಾನ್ಯವಾಗಿ ಎಲ್ಲೂ ದಾಖಲೆ ಉಳಿಯುತ್ತಿರಲಿಲ್ಲ.

ಆಗ ನಮ್ಮಲ್ಲಿದ್ದದ್ದು ಒಂದು ಎಕ್ಸೆಲ್ ಪಟ್ಟಿ ಮತ್ತು ಒಬ್ಬರು ಹಿರಿಯರು. ಹುಬ್ಬಳ್ಳಿ ಕಡೆಯವರು. ನಾವೆಲ್ಲ ಸರ್ ಎನ್ನುತ್ತಿದ್ದೆವು. ಯಾವ ಆಸ್ಪತ್ರೆಯ ಸರ್ವರಿನಲ್ಲಿ ಎಂತ ಉಂಟು ಎಂದು ಅವರಿಗೆ ಬಾಯಿಪಾಠ. ನಾವು ನಾಲ್ಕು ಜನ ಪಟ್ಟಿ ಹಂಚಿಕೊಂಡು ಒಂದೊಂದೇ ಸರ್ವರಿಗೆ ಲಾಗಿನ್ ಆಗಿ, ಪ್ಯಾಕೇಜ್ ಬದಲಿಸಿ, ಪಟ್ಟಿಯಲ್ಲಿ ಹಸಿರು ಬಣ್ಣ ಹಾಕುತ್ತಾ ಹೋದೆವು. ಎರಡನೆಯ ದಿನ ಸಂಜೆಗೆ ಪಟ್ಟಿ ಪೂರ್ತಿ ಹಸಿರು. ಸರ್ ಒಂದು ಸಲ ಹೊರಗಿನಿಂದ ಪರೀಕ್ಷೆ ಮಾಡಿ ನೋಡಿದರೆ ಮೂವತ್ತಕ್ಕೂ ಹೆಚ್ಚು ಸರ್ವರುಗಳು ಇನ್ನೂ ಸೋರುತ್ತಿದ್ದವು.

ಕಾರಣ ತಿಳಿದುಕೊಳ್ಳುವಂಥದ್ದು. ಪ್ಯಾಕೇಜ್ ಬದಲಿಸಿದರೆ ಬದಲಾಗುವುದು ಡಿಸ್ಕಿನಲ್ಲಿರುವ ಕಡತ. ಆದರೆ ತಿಂಗಳುಗಟ್ಟಲೆ ಎಡೆಬಿಡದೆ ಓಡುತ್ತಿರುವ ವೆಬ್ ಸರ್ವರ್ ಆ ಕಡತವನ್ನು ಶುರುವಿನಲ್ಲೇ ಓದಿ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಹೊರಡಿಸುವ ತನಕ ಅದು ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಕೆಲವರು ನಿಲ್ಲಿಸಿ ಹೊರಡಿಸಿದ್ದರು, ಕೆಲವರು ಆಸ್ಪತ್ರೆಯ ಹಗಲು ಹೊತ್ತು ಎಂದು ಬಿಟ್ಟಿದ್ದರು. ಹಸಿರು ಬಣ್ಣ ಎರಡಕ್ಕೂ ಒಂದೇ. ಆವೃತ್ತಿಯ ಅಂಕಿ ನೋಡಿ ಹೇಳೋಣ ಎಂದರೆ ಅದೂ ಮೋಸ. ಮೂಲ ತಯಾರಕರು ತೂತು ಮುಚ್ಚಿ ಕೊಟ್ಟದ್ದು 1.0.1-ಜಿ. ಡೆಬಿಯನ್ 7ರವರು ತಮ್ಮ 1.0.1-ಇ ಯನ್ನೇ ಇಟ್ಟುಕೊಂಡು, ಅದಕ್ಕೇ ತೇಪೆ ಹಾಕಿ, ಹೆಸರಿನ ಬಾಲದಲ್ಲಿ ಒಂದು ಅಂಕಿ ಮಾತ್ರ ಏರಿಸಿದ್ದರು. "ಇ ಇದ್ದರೆ ಅಪಾಯ" ಎಂದು ಓದಿದವರು ಸರಿಯಾದದ್ದನ್ನೂ ತಪ್ಪು ಎಂದುಕೊಂಡರು. ಇನ್ನೊಂದು ತಮಾಷೆ ಎಂದರೆ, ತೀರಾ ಹಳೆಯ 0.9.8 ಇಟ್ಟುಕೊಂಡು ನಾವು ನಾಚಿಕೆಪಡುತ್ತಿದ್ದ ಏಳೆಂಟು ಸರ್ವರುಗಳಿಗೆ ಈ ರೋಗ ತಾಗಿಯೇ ಇರಲಿಲ್ಲ. ತೂತು ಹುಟ್ಟಿದ್ದೇ 2012ರಲ್ಲಿ ಬಂದ 1.0.1ರಲ್ಲಿ.

ಇಂಥ ಕೆಲಸಕ್ಕೆ ಸಾಧನಗಳು ಆಗಲೇ ಇದ್ದವು. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಗೆಸ್ 1993ರಲ್ಲೇ ಸಿಎಫ್‌ಎಂಜಿನ್ ಬರೆದಿದ್ದರು. ಆಮೇಲೆ 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2011ರಲ್ಲಿ ಸಾಲ್ಟ್, 2012ರಲ್ಲಿ ಆನ್ಸಿಬಲ್ ಬಂದವು. ಸರ್ ಆರಿಸಿದ್ದು ಆನ್ಸಿಬಲ್. ಅವರು ಕೊಟ್ಟ ಕಾರಣ ಸರಳ: ಬೇರೆಯವುಗಳಿಗೆ ಸಾಮಾನ್ಯವಾಗಿ ಒಂದೊಂದು ಸರ್ವರಿನಲ್ಲೂ ಒಬ್ಬ ಕಾವಲುಗಾರನನ್ನು ಕೂರಿಸಬೇಕು, ಇದಕ್ಕೆ ಬೇಡ. ನಾವು ಲಾಗಿನ್ ಆಗುವ ಎಸ್‌ಎಸ್‌ಎಚ್ ದಾರಿಯಲ್ಲೇ ಹೋಗಿ ಕೆಲಸ ಮುಗಿಸಿ ಬರುತ್ತದೆ.

ಇದಕ್ಕೆ ಎರಡು ಬರಹ ಬೇಕು. ಒಂದು ಸರ್ವರುಗಳ ಹೆಸರಿನ ಪಟ್ಟಿ. ಇನ್ನೊಂದು ಚೀಟಿ, ಅದರ ಹೆಸರು ಪ್ಲೇಬುಕ್. ಚೀಟಿಯಲ್ಲಿ ಬರೆಯುವ ರೀತಿ ಬೇರೆ. ಮನೆಯಲ್ಲಿ ಕೆಲಸದವನಿಗೆ "ಬಚ್ಚಲ ಹಂಡೆಗೆ ಆರು ಕೊಡ ನೀರು ಹಾಕು" ಎಂದು ಹೇಳಿದರೆ, ಹಂಡೆ ಅರ್ಧ ತುಂಬಿದ್ದರೂ ಅವನು ಆರು ಕೊಡ ಹಾಕುತ್ತಾನೆ, ಬಚ್ಚಲು ತುಂಬ ನೀರು. "ಹಂಡೆ ತುಂಬಿರಲಿ" ಎಂದರೆ ಬಂದು ನೋಡುತ್ತಾನೆ. ಖಾಲಿ ಇದ್ದರೆ ಆರು, ಅರ್ಧ ಇದ್ದರೆ ಮೂರು, ತುಂಬಿದ್ದರೆ ಸುಮ್ಮನೆ ಹೋಗುತ್ತಾನೆ. ದಿನಕ್ಕೆ ಹತ್ತು ಸಲ ಹೇಳಿದರೂ ತೊಂದರೆ ಇಲ್ಲ. ಚೀಟಿಯಲ್ಲಿ ಬರೆಯುವುದು ಈ ಎರಡನೆಯ ಮಾತಿನ ಹಾಗೆ. ಮಾಡುವುದನ್ನು ಹೇಳುವುದಿಲ್ಲ, ಕೊನೆಗೆ ಹೇಗಿರಬೇಕು ಎನ್ನುವುದನ್ನು ಹೇಳುತ್ತೇವೆ. ಓಡಿಸಿ ಮುಗಿದ ಮೇಲೆ ಒಂದೊಂದು ಸರ್ವರಿನ ಲೆಕ್ಕ ಬರುತ್ತದೆ: ಮೊದಲೇ ಸರಿ ಇದ್ದದ್ದೆಷ್ಟು, ಬದಲಿಸಿದ್ದೆಷ್ಟು, ಕೆಟ್ಟದ್ದೆಷ್ಟು, ಕೈಗೇ ಸಿಗದ ಸರ್ವರ್ ಯಾವುದು. ಬದಲಿಸಿದ್ದು ಸೊನ್ನೆ ಎಂದು ಕಂಡ ರಾತ್ರಿ ನನಗೆ ಒಳ್ಳೆಯ ನಿದ್ದೆ.

ಪ್ಯಾಕೇಜಿನ ಹೆಸರಿನ ಮುಂದೆ ಒಂದು ಶಬ್ದ ಬರೆಯಬೇಕು. ಅದು ನಿಮ್ಮ ಹಾಜರಿ ಪುಸ್ತಕದ್ದೇ ಶಬ್ದ: ಪ್ರೆಸೆಂಟ್, ಇಲ್ಲವೇ ಆಬ್ಸೆಂಟ್. ಪ್ರೆಸೆಂಟ್ ಎಂದರೆ ಇರಲಿ; ಇಲ್ಲದಿದ್ದರೆ ತಂದು ಹಾಕು, ಇದ್ದರೆ ಮುಟ್ಟಬೇಡ. ಆಬ್ಸೆಂಟ್ ಎಂದರೆ ಇರಬಾರದು. ಇಲ್ಲಿ ಒಂದು ಸೂಕ್ಷ್ಮ ಉಂಟು. ಚೀಟಿಯಿಂದ ಒಂದು ಹೆಸರನ್ನು ಅಳಿಸಿದರೆ ಆ ಪ್ಯಾಕೇಜ್ ಸರ್ವರಿನಿಂದ ಹೋಗುವುದಿಲ್ಲ. ಅಲ್ಲೇ ಇರುತ್ತದೆ, ಯಾರ ಲೆಕ್ಕದಲ್ಲೂ ಇಲ್ಲದೆ ಹಳತಾಗುತ್ತಾ ಇರುತ್ತದೆ. ತೆಗೆಯಬೇಕಾದರೆ ಆಬ್ಸೆಂಟ್ ಎಂದು ಬಾಯಿಬಿಟ್ಟು ಹೇಳಬೇಕು. ಟಿಸಿ ಕೊಡದೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದ ಹಾಗೆ. ಹುಡುಗ ಮಾತ್ರ ಕೊನೆಯ ಬೆಂಚಿನಲ್ಲೇ ಕೂತಿದ್ದಾನೆ.

ಮೂರನೆಯ ಶಬ್ದ ಲೇಟೆಸ್ಟ್. ಓಡಿಸಿದ ಗಳಿಗೆಯಲ್ಲಿ ಉಗ್ರಾಣದಲ್ಲಿ ಯಾವುದು ಹೊಸದೋ ಅದನ್ನು ಹಾಕು ಎಂದು ಅರ್ಥ. 2019ರಲ್ಲಿ ಪುತ್ತೂರಿನ ಹುಡುಗನೊಬ್ಬ ನಮ್ಮ ತಂಡಕ್ಕೆ ಸೇರಿದ. ಚುರುಕು. ಬಂದ ವಾರದಲ್ಲೇ ಚೀಟಿಗಳನ್ನೆಲ್ಲ ಓದಿ, "ಅಕ್ಕ, ಎಲ್ಲ ಕಡೆ ಪ್ರೆಸೆಂಟ್ ಅಂತ ಯಾಕೆ? ಲೇಟೆಸ್ಟ್ ಹಾಕಿದ್ರೆ ಯಾವಾಗಲೂ ಹೊಸದೇ ಇರ್ತದಲ್ಲ, ಹೊಸದು ಒಳ್ಳೇದಲ್ವಾ?" ಎಂದ. ನಾನು ಕೇಳಿದೆ, "ಸೋಮವಾರ ಬೆಳಗ್ಗೆ ಹತ್ತು ಸರ್ವರಿಗೆ ಓಡಿಸಿದೆ, ಗುರುವಾರ ಇನ್ನು ಹತ್ತಕ್ಕೆ. ನಡುವೆ ಬುಧವಾರ ಉಗ್ರಾಣಕ್ಕೆ ಹೊಸದು ಬಂತು. ಈಗ ಒಂದೇ ಚೀಟಿಯ ಸರ್ವರುಗಳು ಎರಡು ನಮೂನೆ ಆಯ್ತಲ್ಲ ಮಾರಾಯ, ಗುರುವಾರ ರಾತ್ರಿ ರಿಪೋರ್ಟಿನಲ್ಲಿ ಒಂದು ಅಂಕಿ ತಪ್ಪಿದ್ರೆ ಎಲ್ಲಿ ಹುಡುಕ್ತೀ?"

ಅವನು ಅಷ್ಟಕ್ಕೆ ಬಿಡಲಿಲ್ಲ. "ಹಾಗಾದ್ರೆ ಪ್ರೆಸೆಂಟ್ ಹಾಕಿ ಐದು ವರ್ಷ ಹಳೇದನ್ನೇ ಇಟ್ಕೊಳ್ಳುದಾ? ಹಾರ್ಟ್‌ಬ್ಲೀಡ್ ಕಥೆ ನೀವೇ ಹೇಳಿದ್ದು." ಅವನ ಮಾತಿನಲ್ಲೂ ಸತ್ಯ ಇತ್ತು. ಪ್ರೆಸೆಂಟ್ ಎನ್ನುವುದು ಸೋಮಾರಿಗೂ ಅನುಕೂಲದ ಶಬ್ದ. ಒಂದು ವಾರ ಜಗಳವಾಡಿದ ಮೇಲೆ ನಾವು ನಮ್ಮದೇ ಉಗ್ರಾಣ ಮಾಡಿಕೊಂಡೆವು. ಹೊರಗಿನಿಂದ ಬರುವ ಸಾಮಾನು ಮೊದಲು ಅಲ್ಲಿಗೆ ಬರುತ್ತದೆ. ಒಂದು ದಿನಾಂಕ ಹಾಕಿ ಬೀಗ ಹಾಕುತ್ತೇವೆ. ನಮ್ಮ ಆಫೀಸಿನ ಎರಡು ಸರ್ವರುಗಳಲ್ಲಿ ಒಂದು ವಾರ ಓಡಿಸಿ ನೋಡಿ, ಆಮೇಲೆ ಆಸ್ಪತ್ರೆಗಳಿಗೆ ಆ ದಿನಾಂಕದ ಉಗ್ರಾಣವನ್ನು ತೋರಿಸುತ್ತೇವೆ. ಸುರಕ್ಷೆಯ ತೇಪೆಗಳಿಗೆ ಮಾತ್ರ ವಾರದ ಕಾಯುವಿಕೆ ಇಲ್ಲ, ಒಂದು ದಿನ. ಹೊಸದು ಎಂದರೆ ಇನ್ನು ಮುಂದೆ ನಾವು ನೋಡಿ ಒಪ್ಪಿದ್ದರಲ್ಲಿ ಹೊಸದು. ಲೇಟೆಸ್ಟ್ ಎಂದು ಬರೆಯಲಿಕ್ಕೆ ಅವನಿಗೆ ಅನುಮತಿ ಸಿಕ್ಕಿತು, ನನಗೆ ನಿದ್ದೆ ಉಳಿಯಿತು.

ಎಲ್ಲ ಕಡೆಗೆ ಒಟ್ಟಿಗೆ ಓಡಿಸಬಾರದು ಎನ್ನುವುದು ಇನ್ನೊಂದು ನೇಮ. ಒಂದೇ ಚೀಟಿ ನೂರಿಪ್ಪತ್ತು ಕಡೆ ಒಳ್ಳೆಯದು ಮಾಡುವ ಹಾಗೆಯೇ ನೂರಿಪ್ಪತ್ತು ಕಡೆ ಕೆಡಿಸಲೂಬಹುದು, ಅದೂ ಕೆಲವು ನಿಮಿಷದಲ್ಲಿ. ಕೈಯಿಂದ ಮಾಡುವಾಗ ಮೂರನೆಯ ಸರ್ವರಿಗೆ ಬರುವಷ್ಟರಲ್ಲಿ ತಪ್ಪು ಗೊತ್ತಾಗುತ್ತಿತ್ತು, ಆ ನಿಧಾನವೇ ನಮ್ಮನ್ನು ಕಾಯುತ್ತಿತ್ತು. ಈಗ ಆ ನಿಧಾನವನ್ನು ನಾವಾಗಿಯೇ ಬರೆದು ಸೇರಿಸಬೇಕು: ಮೊದಲು ಒಂದು, ಆಮೇಲೆ ಐದು, ಆಮೇಲೆ ಇಪ್ಪತ್ತು, ನಡುವೆ ಒಂದು ಕೆಟ್ಟರೆ ಅಲ್ಲೇ ನಿಲ್ಲು. ಆನ್ಸಿಬಲ್‌ನಲ್ಲಿ ಇದಕ್ಕೆ ಸೌಕರ್ಯ ಉಂಟು. ಆದರೆ ಕೇಳದೆ ಅದು ಕೊಡುವುದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಾನು ಊರಿನಲ್ಲಿದ್ದೆ. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿತ್ತು. ಆ ದಿನಗಳನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗುತ್ತಿತ್ತು. ಅವರ ಮಗ ದಿನಕ್ಕೆ ಮೂರು ಸಲ ಬಂದು, "ದಾರಿ ಬಿಟ್ಟರಂತಾ? ನಿನಗೆ ಆಚೆಯವರ ಫೋನು ಬರ್ತದಲ್ಲ" ಎಂದು ಕೇಳುತ್ತಿದ್ದರು. ಅವರು ಹೋಗುತ್ತಿದ್ದ ಆಸ್ಪತ್ರೆಯ ಲ್ಯಾಬಿನ ಸರ್ವರ್ ನನ್ನ ಪಟ್ಟಿಯಲ್ಲಿತ್ತು. ನಾನು ಜಗಲಿಯಲ್ಲಿ ಕೂತು, ಸಿಗ್ನಲ್ ಸಿಕ್ಕುವ ಮೂಲೆಗೆ ಮೊಬೈಲ್ ಇಟ್ಟು, ಎರಡು ಸೆಕೆಂಡಿನಲ್ಲಿ ಆ ಸರ್ವರಿನ ಒಳಗೆ ಹೋಗುತ್ತಿದ್ದೆ. ಅದರಲ್ಲಿ ಎಷ್ಟು ಪ್ಯಾಕೇಜ್ ಉಂಟು, ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳಬಲ್ಲವಳಾಗಿದ್ದೆ. ಅಜ್ಜನನ್ನು ಅಲ್ಲಿಗೆ ಮುಟ್ಟಿಸಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಅವರನ್ನು ಕೇರಳದ ಒಳಗೇ ದೂರದ ಒಂದು ಆಸ್ಪತ್ರೆಗೆ ಸೇರಿಸಿದರು. ನಡುವೆ ಎರಡು ಡಯಾಲಿಸಿಸ್ ತಪ್ಪಿತು.

ಆಗಲೇ ಒಂದು ಕರ್ನೆಲ್ ತೇಪೆ ಬಂತು. ಕರ್ನೆಲ್ ಎಂದರೆ ಕಂಪ್ಯೂಟರಿನ ಬುನಾದಿ, ಅದನ್ನು ಬದಲಿಸಿದರೆ ಇಡೀ ಕಂಪ್ಯೂಟರನ್ನೇ ಆರಿಸಿ ಹೊತ್ತಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಎದ್ದು ಬರುತ್ತದೆ. ಬರದಿದ್ದರೆ ಒಬ್ಬ ಮನುಷ್ಯ ಅದರ ಎದುರು ನಿಂತು ಗುಂಡಿ ಒತ್ತಬೇಕು. ನಮ್ಮವರಲ್ಲಿ ಯಾರಿಗೂ ಮನೆಯಿಂದ ಹೊರಡಲಿಕ್ಕೆ ಇಲ್ಲ. ಚೀಟಿ ಓಡಿಸುವುದು ಎರಡು ನಿಮಿಷದ ಕೆಲಸ, ಓಡಿಸುವುದೋ ಬೇಡವೋ ಎಂದು ನಿಶ್ಚಯಿಸಲಿಕ್ಕೆ ಒಂದು ದಿನ ಬೇಕಾಯಿತು. ಬೇರೆ ಪ್ಯಾಕೇಜುಗಳನ್ನೆಲ್ಲ ಹೊಸದು ಮಾಡಿದೆವು. ಕರ್ನೆಲನ್ನು ತಡೆಹಿಡಿದು, ಒಂದೊಂದು ಲ್ಯಾಬಿಗೆ ಫೋನ್ ಮಾಡಿ, ರಾತ್ರಿ ಪಾಳಿಯವರು ಯಾವಾಗ ಬಿಡುವಾಗಿರುತ್ತಾರೆ ಎಂದು ಕೇಳಿ, ಅವರು ಸರ್ವರಿನ ಮುಂದೆ ನಿಂತಿರುವಾಗ ಒಂದೊಂದನ್ನೇ ಮಾಡಿದೆವು. ಎಲ್ಲ ಮುಗಿಯಲಿಕ್ಕೆ ಹತ್ತೊಂಬತ್ತು ರಾತ್ರಿ ಹಿಡಿಯಿತು. ಮೂರು ಕಡೆ ಎದ್ದು ಬರಲಿಲ್ಲ. ಮೂರು ಕಡೆಯೂ ಮಾಸ್ಕ್ ಹಾಕಿದ ಲ್ಯಾಬ್ ಟೆಕ್ನಿಶಿಯನ್ ಒಬ್ಬರು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ನಾನು ಹೇಳಿದ ಗುಂಡಿ ಒತ್ತಿದರು.

ಅದೇ ಏಪ್ರಿಲ್ ಕೊನೆಗೆ ಸಾಲ್ಟ್ ಎಂಬ ಸಾಧನದಲ್ಲೇ ತೂತು ಇರುವ ಸುದ್ದಿ ಬಂತು. ನೂರಾರು ಸರ್ವರುಗಳಿಗೆ ಅಪ್ಪಣೆ ಕೊಡುವ ಯಜಮಾನ ಯಂತ್ರಕ್ಕೆ ಹೊರಗಿನವರು ಗುರುತು ಹೇಳದೆ ಅಪ್ಪಣೆ ಕೊಡಬಹುದಾಗಿತ್ತು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಲೀನಿಯೇಜ್ ಓಎಸ್, ಘೋಸ್ಟ್ ಮುಂತಾದವರ ಸರ್ವರುಗಳಿಗೆ ಕಳ್ಳರು ನುಗ್ಗಿದರು. ನಮ್ಮಲ್ಲಿ ಸಾಲ್ಟ್ ಇರಲಿಲ್ಲ. ಆದರೆ ಆ ದಿನವೇ ಸರ್ ಫೋನ್ ಮಾಡಿ, ಚೀಟಿ ಇಟ್ಟ ಯಂತ್ರಕ್ಕೆ ಹೊರಗಿನಿಂದ ಬರುವ ಬಾಗಿಲು ಎಷ್ಟು ಎಂದು ಎಣಿಸಲಿಕ್ಕೆ ಹೇಳಿದರು. ಎರಡಿತ್ತು. ಒಂದನ್ನು ಮುಚ್ಚಿದೆವು.

ಲೇಟೆಸ್ಟ್ ಜಗಳ ಮುಗಿದು ಐದು ವರ್ಷ ಆದ ಮೇಲೆ, 2024ರ ಮಾರ್ಚ್ 29ರಂದು, ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಗುಟ್ಟು ಹೊರಗೆಡಹಿದರು. ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತದಲ್ಲ ಎಂದು ಕೆದಕುತ್ತಾ ಹೋದವರಿಗೆ ಎಕ್ಸ್‌ಝಡ್ ಎಂಬ ಪ್ಯಾಕೇಜಿನ 5.6.0 ಮತ್ತು 5.6.1ರಲ್ಲಿ ಯಾರೋ ಬೇಕೆಂದೇ ಇಟ್ಟ ಹಿಂಬಾಗಿಲು ಸಿಕ್ಕಿತು. ಇಟ್ಟವನು ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದವನು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ಇನ್ನೂ ಬಂದಿರಲಿಲ್ಲ. ಎಲ್ಲರಿಗಿಂತ ಮೊದಲು ಹೊಸದು ಬೇಕು ಎನ್ನುವವರ ಕಂಪ್ಯೂಟರುಗಳಿಗೆ ಬಂದಿತ್ತು. ಪುತ್ತೂರಿನ ಹುಡುಗ ಆ ಹೊತ್ತಿಗೆ ನಮ್ಮ ತಂಡದ ಮುಖ್ಯಸ್ಥ. ಅವನು ಒಂದು ಸಾಲಿನ ಚೀಟಿ ಬರೆದು ಓಡಿಸಿ, ನಮ್ಮ ಎಲ್ಲ ಸರ್ವರುಗಳಲ್ಲೂ ಆ ಪ್ಯಾಕೇಜಿನ ಆವೃತ್ತಿ ಎಷ್ಟು ಎಂದು ನಾನು ಚಹಾ ಕುಡಿದು ಮುಗಿಸುವುದರೊಳಗೆ ಹೇಳಿದ. 2014ರಲ್ಲಿ ಇದಕ್ಕೆ ಎರಡು ದಿನ ಬೇಕಾಗಿತ್ತು, ಉತ್ತರವೂ ತಪ್ಪಿತ್ತು.

ಸರ್ 2021ರಲ್ಲಿ ನಿವೃತ್ತರಾಗಿ ಊರಿಗೆ ಹೋದರು. ಅವರ ಬಾಯಿಪಾಠವೆಲ್ಲ ಅಷ್ಟರಲ್ಲಿ ಚೀಟಿಗಳಿಗೆ ಇಳಿದಿತ್ತು. ಚೀಟಿಯಲ್ಲಿ ಯಂತ್ರ ಓದದ, ಮನುಷ್ಯರಿಗೆ ಮಾತ್ರ ಎಂದು ಬರೆಯುವ ಸಾಲುಗಳಿರುತ್ತವೆ. ಅವರು ಅವನ್ನು ಧಾರಾಳವಾಗಿ ಬರೆದವರು. ಒಂದು ಲ್ಯಾಬಿನ ಸರ್ವರಿನಲ್ಲಿ ಒಂದು ಪ್ಯಾಕೇಜನ್ನು ಹಳೆಯ ಆವೃತ್ತಿಯಲ್ಲೇ ಕಟ್ಟಿಹಾಕಿದ್ದರು. ಬೇರೆ ಎಲ್ಲೇ ಆಗಿದ್ದರೂ ಅದು ಯಾರದೋ ಮರೆವು ಎಂದು ನಾನು ಬಿಚ್ಚಿಬಿಡುತ್ತಿದ್ದೆನೋ ಏನೋ. ಆದರೆ ಮೇಲೆ ಬರೆದಿತ್ತು: ಇಲ್ಲಿಯ ರಕ್ತ ಪರೀಕ್ಷೆಯ ಯಂತ್ರ ಹಳೆಯದು, ಹೊಸ ಆವೃತ್ತಿಯೊಡನೆ ಮಾತಾಡುವುದಿಲ್ಲ, ಅಂಕಿ ಬಾರದೆ ರಿಪೋರ್ಟ್ ಖಾಲಿ ಬರುತ್ತದೆ, ಯಂತ್ರ ಬದಲಾಗುವ ತನಕ ಬಿಚ್ಚಬೇಡಿ, ಬಿಚ್ಚುವ ಮೊದಲು ಲ್ಯಾಬಿನವರನ್ನು ಕೇಳಿ.

ಕಳೆದ ಮಳೆಗಾಲದಲ್ಲಿ ಆ ಲ್ಯಾಬಿನವರು ಹೊಸ ಯಂತ್ರ ತಂದರು. ನಾನು ರಜೆಯಲ್ಲಿದ್ದೆ. ವಾಪಸು ಬಂದು ನೋಡುವಾಗ ಕಟ್ಟು ಬಿಚ್ಚಿತ್ತು, ಸರ್ವರ್ ಉಳಿದವುಗಳ ಜೊತೆಗೆ ಸೇರಿತ್ತು. ಬಿಚ್ಚಿದವಳು ಹೊಸತಾಗಿ ಸೇರಿದ ಹುಡುಗಿ. ಯಾಕೆ ಬಿಚ್ಚಿದೆ, ಯಾವ ದಿನ, ಲ್ಯಾಬಿನಲ್ಲಿ ಯಾರನ್ನು ಕೇಳಿದೆ ಎಂದು ಎರಡು ಸಾಲು ಬರೆದಿದ್ದಳು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.